ಯಾರೂ ತುಳಿಯದ ಜಾಗ

ಪವಿತ್ರ ಶನಿವಾರ ನಮ್ಮ ಚರ್ಚಿನ ಟ್ಯಾಬರ್ನೇಕಲ್, ಅಂದರೆ ಪರಮಪ್ರಸಾದ ಇಡುವ ಪುಟ್ಟ ಕಪಾಟಿನ ಬಾಗಿಲು ತೆರೆದೇ ಇರುತ್ತದೆ. ಒಳಗೆ ಏನೂ ಇರುವುದಿಲ್ಲ. ಯೇಸುಸ್ವಾಮಿ ಶುಕ್ರವಾರ ತೀರಿಕೊಂಡರು, ಭಾನುವಾರ ಎದ್ದು ಬರಬೇಕು. ನಡುವಿನ ಈ ದಿನ ಸಂಜೆಯ ತನಕ ಪೂಜೆಯಿಲ್ಲ, ಗಂಟೆಯಿಲ್ಲ, ಬಲಿಪೀಠದ ಮೇಲೊಂದು ಬಟ್ಟೆಯೂ ಇಲ್ಲ. ಆ ದಿನ ಯಾರಿಗೂ ಪರಮಪ್ರಸಾದ ಕೊಡುವಂತಿಲ್ಲ, ಸಾಯುತ್ತಿರುವವರಿಗೆ ಬಿಟ್ಟು. ದಟ್ ಈಸ್ ದಿ ರೂಲ್. ಅಂಥವರಿಗಾಗಿಯೇ ಸ್ವಲ್ಪ ಪ್ರಸಾದವನ್ನು ಬಲಿಪೀಠದ ಹಿಂದಿನ ಕೋಣೆಯಲ್ಲಿ ದೀಪ ಹಚ್ಚಿ ಇಟ್ಟಿರುತ್ತಾರೆ.

ಹಾಸಿಗೆ ಹಿಡಿದವರ ಮನೆಗೆ ಪ್ರಸಾದ ಒಯ್ಯುವುದು ಹಳಿಯಾಳದ ನಮ್ಮ ಚರ್ಚಿನಲ್ಲಿ ನನ್ನ ಕೆಲಸ. ನಾನು ಸಿಸ್ಟರ್ ಅಲ್ಲ, ರಿಟೈರ್ ಆದ ಇಂಗ್ಲಿಷ್ ಟೀಚರ್. ನನ್ನಂಥ ಸಾಮಾನ್ಯರಿಗೂ ಬಿಷಪರು ಈ ಅನುಮತಿ ಕೊಡುತ್ತಾರೆ. ಆ ಶನಿವಾರ ಬೆಳಿಗ್ಗೆ ಫಾದರ್ ಒಂದೇ ಒಂದು ಹೋಸ್ಟ್ ತೆಗೆದು ನನ್ನ ಪಿಕ್ಸ್‌ನಲ್ಲಿಟ್ಟು ಮುಚ್ಚಿದರು. ಹೋಸ್ಟ್ ಅಂದರೆ ಅರ್ಪಣೆಯಾದ ತೆಳ್ಳನೆಯ ಬಿಳಿ ರೊಟ್ಟಿ. ಪಿಕ್ಸ್ ಅಂದರೆ ಅದನ್ನು ಒಯ್ಯುವ, ಹಳೇ ಜೇಬುಗಡಿಯಾರದಷ್ಟು ದೊಡ್ಡ ಡಬ್ಬಿ. ಅದನ್ನು ಚೀಲಕ್ಕೆ ಹಾಕಿ, ಕೊರಳಿಗೆ ಕಟ್ಟಿ, ಸೆರಗಿನೊಳಗೆ ಎದೆಗೆ ತಾಗುವಂತೆ ಇಟ್ಟುಕೊಳ್ಳಬೇಕು. ದಾರಿಯಲ್ಲಿ ಬೇರೆ ಕೆಲಸ ಮಾಡಬಾರದು, ಹರಟೆ ಹೊಡೆಯಬಾರದು.

"ಆ ಮೂಲೆ ಖಾಲಿಯಾಗಿದ್ದರೆ ಮಾತ್ರ ತೆರೆಯಿರಿ ಟೀಚರ್," ಅಂದರು ಫಾದರ್. "ಇಲ್ಲದಿದ್ದರೆ ಹಾಗೇ ವಾಪಸ್ ತನ್ನಿ."

"ಆಕೆ ಇವತ್ತೋ ನಾಳೆಯೋ ಅನ್ನುವ ಹಾಗಿದ್ದಾಳೆ ಫಾದರ್."

"ಅದಕ್ಕೇ ಹೇಳುತ್ತಿದ್ದೇನೆ. ಹೋಗುವಾಗಲಾದರೂ ಎರಡು ದೋಣಿಯ ಮೇಲೆ ಕಾಲಿಡುವುದು ಬೇಡ."

ಫಾದರ್ ಚಿಕ್ಕ ವಯಸ್ಸಿನವರು, ಮಂಗಳೂರು ಕಡೆಯವರು, ಕೆಟ್ಟವರಲ್ಲ. ಅವರೇ ಹೋಗಬೇಕಾಗಿತ್ತು. ಆದರೆ ಸಂಜೆ ಅಂಗಳದಲ್ಲಿ ಬೆಂಕಿ ಹೊತ್ತಿಸಿ ಶುರುಮಾಡುವ ಈಸ್ಟರ್ ಪೂಜೆ, ಪಾಸ್ಕ ಜಾಗರಣೆ; ಪಾಪನಿವೇದನೆಗೆ ಆಗಲೇ ಸಾಲು ನಿಂತಿತ್ತು. ಜಾಗರಣೆಯ ಮೊದಲನೇ ವಾಚನ, ಲೋಕ ಸೃಷ್ಟಿಯಾದ ಭಾಗ, ನನ್ನದು. ಅಷ್ಟರೊಳಗೆ ತಿರುಗಿ ಬರಬೇಕು.

ಮೂಲೆ ಅಂದರೆ ಏನು ಅಂತ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಾನು ಹೋಗಬೇಕಾಗಿದ್ದ ಮನೆಯ ಆಯಿ ಸಿದ್ದಿ ಹೆಂಗಸು. ನಾನು ಆಕೆಯನ್ನು ಕರೆಯುತ್ತಿದ್ದದ್ದೇ ಆಯಿ ಅಂತ, ನನಗಿಂತ ಒಂದು ತಲೆಮಾರು ಹಿರಿಯಳು. ಎಂದೋ ಆಫ್ರಿಕಾದಿಂದ ಹಡಗಿನಲ್ಲಿ ತಂದ ಜನರ ಮಕ್ಕಳು ಮೊಮ್ಮಕ್ಕಳು ನಮ್ಮ ಈ ಕಾಡಂಚಿನ ಹಳ್ಳಿಗಳಲ್ಲಿ ಗದ್ದೆ ಮಾಡಿಕೊಂಡು, ಕೂಲಿ ಮಾಡಿಕೊಂಡು ಇದ್ದಾರೆ. ಅವರಲ್ಲಿ ಅಣ್ಣ ಕ್ರೈಸ್ತನಾದರೆ ಬೀಗರು ಹಿಂದೂ, ಅತ್ತೆಯ ಮನೆ ಸಾಬರದು. ಆದರೆ ಎಲ್ಲರ ಮನೆಯಲ್ಲೂ ಒಂದು ಮೂಲೆ ಹಿರಿಯರದು. ಸಗಣಿ ಸಾರಿಸಿದ ನೆಲದ ಮೇಲೆ ತೆಂಗಿನಕಾಯಿಗಳು, ತೀರಿಹೋದವರ ಹೆಸರಿನವು. ಹಬ್ಬದ ಅಡಿಗೆ ಇರಲಿ, ಹೊಸ ಅಕ್ಕಿಯ ಅನ್ನ ಇರಲಿ, ಮೊದಲ ತುತ್ತು ಅಲ್ಲಿಗೆ. ಆಮೇಲೆ ಬದುಕಿದ್ದವರ ಬಾಯಿಗೆ.

ಹಿಂದಿನ ವಾರ ಫಾದರ್ ಹೋಗಿ ಆಯಿಯ ಪಾಪನಿವೇದನೆ ಕೇಳಿ, ಹಣೆಗೂ ಅಂಗೈಗೂ ತೈಲ ಹಚ್ಚಿದ್ದರು. ಆ ದಿನ ಆಕೆಗೆ ನೀರೂ ನಿಲ್ಲುತ್ತಿರಲಿಲ್ಲ, ವಾಂತಿ. ಪ್ರಸಾದವನ್ನು ಮುಂದಕ್ಕೆ ಹಾಕಿದೆವು. ಹೊರಡುವಾಗ ಫಾದರ್ ಮೂಲೆ ನೋಡಿದರು. ಚಪ್ಪಲಿ ಕಾಲಲ್ಲೇ ಅಲ್ಲಿಗೆ ಹೋಗಿ ನಿಂತು, ಒಂದು ಕಾಯಿ ಎತ್ತಿ, "ವಾಟ್ ಈಸ್ ದಿಸ್?" ಅಂತ ನನ್ನನ್ನು ಕೇಳಿದರು. ನಾನು ಹೇಳಿದೆ. ಇವನ್ನು ತೆಗೆದರೆ ಮಾತ್ರ ಪ್ರಸಾದ ಅಂತ ಅವರು ಆಯಿಯ ಸೊಸೆಗೆ ಹೇಳಿದರು. ಆಯಿ ಗೋಡೆಯ ಕಡೆ ಮಗ್ಗುಲಾದಳು.

ಅದು ಫಾದರ್ ಮಾಡಿದ್ದು. ನಾನು ಮಾಡಿದ್ದು ಇನ್ನೊಂದಿತ್ತು. ಗುರುವಾರ ನಾನು ಆಕೆಯನ್ನು ಸಿದ್ಧಮಾಡಲು ಹೋಗಿದ್ದೆ. ಸಾಯುವವರಿಗೆ ಕೊಡುವ ಪ್ರಸಾದಕ್ಕೆ ಲ್ಯಾಟಿನ್‌ನಲ್ಲಿ ವಿಯಾಟಿಕಮ್ ಅನ್ನುತ್ತಾರೆ, ಪ್ರಯಾಣದ ಊಟ ಅಂತ. ಕಾನ್ವೆಂಟಿನಲ್ಲಿ ನಮ್ಮ ಮದರ್ ಆ ಶಬ್ದವನ್ನು ಎಷ್ಟು ಮೆತ್ತಗೆ ಹೇಳುತ್ತಿದ್ದರು ಅಂದರೆ, ಅದೊಂದು ಊರಿನ ಹೆಸರು, ಯಾವಾಗಾದರೂ ಹೋಗಿ ನೋಡಬೇಕು ಅಂತ ಚಿಕ್ಕವಳಿದ್ದಾಗ ಅಂದುಕೊಂಡಿದ್ದೆ. ಆಯಿಗೆ ಲ್ಯಾಟಿನ್ ಯಾಕೆ? "ಇದು ಬುತ್ತಿ ಆಯಿ. ದಾರಿಗೆ ಕಟ್ಟಿಕೊಡೋ ಬುತ್ತಿ," ಅಂದೆ. ಆಕೆಯ ಮುಖ ಅರಳಿತು. ಎಷ್ಟು ಚೆನ್ನಾಗಿ ತಿಳಿಸಿದೆ ಅಂತ ಬಸ್ಸಿನಲ್ಲಿ ಖುಷಿಪಡುತ್ತಾ ಮನೆಗೆ ಬಂದೆ.

ಶನಿವಾರ ಟ್ರ್ಯಾಕ್ಸ್ ಜೀಪು ಬಾಡಿಗೆಗೆ ಮಾಡಿಕೊಂಡು ಹೋದೆ. ಡ್ರೈವರ್ ಮಾತಿನ ಮನುಷ್ಯ.

"ಯಾಕ್ರೀ ಅಕ್ಕೋರ, ಇವತ್ತ ಮೌನವ್ರತ ಏನ್ರೀ? ನಮ್ಮ ಹುಡುಗ ಇಂಗ್ಲಿಷಿನ್ಯಾಗ ಫೇಲ್ ಆಗ್ಯಾನ ಅಂತ ಬೈಬೇಕಿತ್ತು ನೀವು."

ನಾನು ಸೆರಗಿನ ಮೇಲೆ ಕೈಯಿಟ್ಟು ತಲೆಯಲ್ಲಾಡಿಸಿದೆ. ಅವನು ನನ್ನ ಕೈ ನೋಡಿದ.

"ಓ, ಸ್ವಾಮಿ ಅದಾರೇನು ಒಳಗ? ಹಂಗಾರ ಹಳ್ಳ ತಪ್ಪಿಸಿ ಹೊಡೀತೇನಿ ಬಿಡ್ರಿ," ಅಂದು ರೇಡಿಯೋ ಬಂದ್ ಮಾಡಿದ.

ರಸ್ತೆ ಮುಗಿದ ಮೇಲೆ ಸಾಗವಾನಿ ತೋಪಿನೊಳಗೆ ನಡೆಯಬೇಕು. ಒಣಗಿದ ಎಲೆ, ಕಾಲಿಟ್ಟರೆ ಹಪ್ಪಳ ಮುರಿದ ಸಪ್ಪಳ. ನನ್ನ ಮಂಡಿ ಆ ದಾರಿಗೆ ಒಪ್ಪಲಿಲ್ಲ. ಎಡವಿ ಬಿದ್ದರೆ ಕೊರಳಲ್ಲಿ ಏನಿದೆ ಅನ್ನುವುದು ತಲೆಯಲ್ಲಿದ್ದುದರಿಂದ ಒಂದೊಂದು ಹೆಜ್ಜೆಯನ್ನೂ ನೋಡಿ ಇಟ್ಟೆ.

ಮನೆ ಮುಂದೆ ಸೊಸೆ ಕಾಯುತ್ತಿದ್ದಳು. ಮಗ ಕಬ್ಬಿನ ಲಾರಿಯ ಜೊತೆ ಹೋದವನು ಇನ್ನೂ ಬಂದಿರಲಿಲ್ಲ. ನಾನು ಹೇಳಿಕೊಟ್ಟಂತೆ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಶಿಲುಬೆ, ಮೇಣದಬತ್ತಿ, ಒಂದು ಲೋಟ ನೀರು, ಒಂದು ಚಮಚ ಇಟ್ಟಿದ್ದಳು. ನನ್ನ ಕಿವಿಯ ಹತ್ತಿರ ಬಂದು, "ಕಾಯಿ ತಗದೇನ್ರಿ ಅಕ್ಕೋರ. ಮಾಂಯ್‌ಗೆ ಗೊತ್ತಿಲ್ಲ. ಮಲಗಿದ್ದಾಗ ತಗದು ದನದ ಕೊಟ್ಟಿಗ್ಯಾಗ ಬುಟ್ಟಿ ಮುಚ್ಚಿ ಇಟ್ಟೇನಿ," ಅಂದಳು. ಅತ್ತೆಯನ್ನು ಅವಳು ಕೊಂಕಣಿಯಲ್ಲಿ ಮಾಂಯ್ ಅನ್ನುತ್ತಿದ್ದಳು.

ಒಳಗೆ ಹೋದೆ. ಆಯಿ ಎಚ್ಚರವಾಗಿದ್ದಳು. ಹಾಸಿಗೆ ಮೂಲೆಯ ಎದುರಿಗೇ ಇತ್ತು, ಆಕೆ ಖಾಲಿ ನೆಲವನ್ನೇ ನೋಡುತ್ತಿದ್ದಳು. ಉಸಿರು ಒಂದು ಬಂದು, ನಿಂತು, ಯೋಚನೆ ಮಾಡಿ ಮತ್ತೊಂದು ಬರುತ್ತಿತ್ತು. ಆ ಬಗೆಯ ಉಸಿರನ್ನು ನಾನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಅದು ಬಂದ ಮೇಲೆ ಹೆಚ್ಚು ಹೊತ್ತು ಸಿಗುವುದಿಲ್ಲ.

"ಆಯಿ, ಸ್ವಾಮಿ ಬಂದಾರ," ಅಂದೆ.

"ಇವ್ರೆಲ್ಲಾ ಎಲ್ಲಿ ಹೋದ್ರು?" ಅಂದಳು ಆಯಿ, ಮೂಲೆಯಿಂದ ಕಣ್ಣು ತೆಗೆಯದೆ.

ಸೊಸೆ ಅಳಲು ಶುರುಮಾಡಿದಳು. "ಫಾದರ್ ಹೇಳ್ಯಾರಲ್ಲ ಮಾಂಯ್. ಅವ್ರಿದ್ರ ಸ್ವಾಮಿ ಕೊಡೂದಿಲ್ಲಂತ."

ಆಯಿ ತುಟಿ ಕೂಡಿಸಿದಳು. ಅಷ್ಟೇ. ಜಗಳವಿಲ್ಲ, ಮಾತಿಲ್ಲ. ಮಗು ಔಷಧಿ ಬೇಡ ಅಂತ ಬಾಯಿ ಮುಚ್ಚುತ್ತದಲ್ಲ, ಹಾಗೆ. ನಾನು ಹಾಸಿಗೆಯ ಪಕ್ಕ ಮೊಣಕಾಲೂರಿ ಏನೇನೋ ಹೇಳಿದೆ. ಐ ಟಾಕ್ಡ್ ಲೈಕ್ ಎ ಟೀಚರ್. ತುಟಿ ತೆರೆಯಲಿಲ್ಲ.

ಫಾದರ್‌ಗೆ ಫೋನ್ ಮಾಡಬೇಕಾಗಿತ್ತು. "ಹುಣಸಿ ಮರದ ಹಂತ್ಯಾಕ ಎರಡು ಕಡ್ಡಿ ಬರತಾವು," ಅಂದಳು ಸೊಸೆ. ಪಿಕ್ಸ್ ಕೊರಳಲ್ಲೇ ಇಟ್ಟುಕೊಂಡು ದಿಬ್ಬ ಹತ್ತಿ, ಮರದ ಕೆಳಗೆ ಫೋನನ್ನು ಆಕಾಶಕ್ಕೆ ಹಿಡಿದು ನಿಂತೆ. ಸ್ವಿಚ್ ಆಫ್. ಪಾಪನಿವೇದನೆ ಕೇಳುವಾಗ ಫೋನ್ ಯಾರು ಇಟ್ಟುಕೊಳ್ಳುತ್ತಾರೆ?

ಆ ಮರದ ಕೆಳಗೆ ನಾನು ಎರಡು ರೂಲ್‌ಗಳನ್ನು ತೂಗಿ ನೋಡಿದೆ. ಮೂಲೆ ಖಾಲಿಯಿರಬೇಕು ಅನ್ನುವುದು ಫಾದರ್ ಮಾತು. ಪಾಪನಿವೇದನೆ ಮಾಡಿದ ವಿಶ್ವಾಸಿ ಸಾಯುವಾಗ ಕೇಳಿದರೆ ಪ್ರಸಾದ ಇಲ್ಲ ಅನ್ನಬಾರದು ಅನ್ನುವುದು ಚರ್ಚಿನ ಮಾತು. ಫಾದರ್ ನನಗೆ ಮೇಲಿನವರು, ಚರ್ಚು ಫಾದರ್‌ಗೆ ಮೇಲಿನದು. ಹೀಗೆ ಲೆಕ್ಕ ಹಾಕುವುದು ಸುಲಭ. ಆದರೆ ಎದೆಗೆ ತಾಗಿಕೊಂಡಿದ್ದ ಡಬ್ಬಿ ಬೆವರಿಗೆ ಜಾರುತ್ತಿತ್ತು. ಈ ಅನುಮತಿ ಹೋದರೆ ನನಗೆ ಬೇರೆ ಕೆಲಸವಿಲ್ಲ. ಮನೆಯಲ್ಲಿ ಕೂತು ಕಿಟಕಿಯಿಂದ ನೋಡುವುದೊಂದೇ.

ಇಳಿದು ಬಂದು ಸೊಸೆಗೆ, "ತಗೊಂಡು ಬಾ. ಎಲ್ಲಿದ್ದವೋ ಅಲ್ಲೇ ಇಡು," ಅಂದೆ.

ಅವಳು ಕಾಯಿಗಳನ್ನು ಸೆರಗಿನಲ್ಲಿ ತಂದು ಒಂದೊಂದಾಗಿ ಇಟ್ಟಳು. ಆಯಿ ಪ್ರತಿಯೊಂದಕ್ಕೂ ಕಣ್ಣಲ್ಲೇ ಜಾಗ ತೋರಿಸಿದಳು. ಕೊನೆಯದನ್ನು ಇಟ್ಟಾಗ, "ಅಂವನ ಈ ಕಡೆ ಇಡ. ಅಂವಗ ಬಾಗಿಲ ಕಾಣಬೇಕ," ಅಂದಳು. ಸೊಸೆ ಅಳುವಿನ ನಡುವೆಯೇ ನಕ್ಕಳು. "ಮಾವ ಇದ್ದಾಗನೂ ಹಿಂಗ, ಯಾರ ಬಂದ್ರು ಯಾರ ಹೋದ್ರು ಅಂತ ಬಾಗಿಲದಾಗ ಕುಂದ್ರತಿದ್ರು."

ನಾನು ಪಿಕ್ಸ್ ತೆಗೆದು ಬಿಳಿ ಬಟ್ಟೆಯ ಮೇಲಿಟ್ಟು, ತೆರೆದೆ. ಮೊಣಕಾಲೂರಿದೆ. ಇನ್ನು ಸರಿಹೋಯಿತು ಅಂದುಕೊಂಡೆ. ಆಯಿ ಹೋಸ್ಟನ್ನು ನೋಡಿ, "ಮೊದಲ ಅವ್ರಿಗೆ ಒಂದ ಚೂರ ಇಡ್ರಿ," ಅಂದಳು.

"ಅದು ಆಗೋದಿಲ್ಲ ಆಯಿ."

"ಬುತ್ತಿ ಅಂದ್ರಿ ನೀವ."

"ಅಂದೆ."

"ಬುತ್ತಿ ಯಾರರ ಒಬ್ಬರ ಉಣ್ತಾರೇನ? ನಾ ಹೋಗೂದ ಅವ್ರ ಹಂತ್ಯಾಕ. ಬಾಯಿ ಒರಿಸ್ಕೊಂಡ ಬರಿಗೈಲೆ ಹೋಗ್ಲೇನ?"

ನಮ್ಮ ಕಡೆ ಹೊಲದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಬುತ್ತಿ ಬಿಚ್ಚಿದರೆ ಪಕ್ಕದವರಿಗೆ "ಬರ್ರಿ, ಉಣ್ಣೂಣು" ಅನ್ನದೆ ತುತ್ತು ಎತ್ತುವವರು ಯಾರಿದ್ದಾರೆ? ಗುರುವಾರ ಆ ಶಬ್ದ ಕೊಟ್ಟವಳು ನಾನು.

ಆದರೆ ಇದನ್ನು ಮಾತ್ರ ಮಾಡುವ ಹಾಗಿರಲಿಲ್ಲ. ರೊಟ್ಟಿಯ ರೂಪ ಇರುವ ತನಕ ಅದು ರೊಟ್ಟಿಯಲ್ಲ, ಸ್ವಾಮಿಯೇ. ಅದನ್ನು ಮುರಿದು ಕಾಯಿಯ ಮುಂದೆ ಇಟ್ಟು ಬರುವುದು ನಾನು ಕೇಳಿದ ಎಲ್ಲ ಪಾಪಗಳಿಗಿಂತ ದೊಡ್ಡದು. ಫಾದರ್ ಹೇಳಿದ್ದಕ್ಕೆ ನಾನು ಎದುರಾಡಬಹುದು, ಇದಕ್ಕೆ ಅಲ್ಲ. ಐ ಬಿಲೀವ್ ಇಟ್. ಆರು ವರ್ಷದವಳಿದ್ದಾಗಿನಿಂದ ನಂಬಿದ್ದೇನೆ, ಇದನ್ನು ನಂಬದಿದ್ದರೆ ಆ ಬಿಸಿಲಲ್ಲಿ ಆ ದಾರಿ ನಡೆದು ಬರಬೇಕಾದ ಅಗತ್ಯವೇ ಇರಲಿಲ್ಲ.

"ಆಯಿ, ಅವ್ರ ಹೆಸರು ಹೇಳು. ಒಬ್ಬೊಬ್ಬರದೂ. ಸ್ವಾಮಿ ಮುಂದ ಹೇಳು. ಇವತ್ತ ಶನಿವಾರ. ಇವತ್ತ ಸ್ವಾಮಿ ಸತ್ತವರ ಹತ್ರನ ಹೋಗ್ಯಾನ, ನಾವು ಪ್ರಾರ್ಥನಿಯೊಳಗ ಹೇಳ್ತೇವಲ್ಲ, ಪಾತಾಳಕ್ಕ ಇಳದ ಅಂತ. ನಿನಗಿಂತ ಮೊದಲ ಅವರನ್ನ ಕಂಡಾನ."

ಇದನ್ನು ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ಪ್ರತಿ ಭಾನುವಾರ ಗಿಳಿಪಾಠದ ಹಾಗೆ ಒಪ್ಪಿಸುವ ಸಾಲು ಅದು. ಹಾಗೆ ಇಳಿದಾಗ ಸ್ವಾಮಿ ಯಾರನ್ನು ನೋಡಿದರು, ಅಲ್ಲಿ ಯಾರು ಕಾಯುತ್ತಿದ್ದರು ಅಂತ ಅಲ್ಲಿಯ ತನಕ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆಯಿ ಕಣ್ಣನ್ನು ಮತ್ತೆ ಮೂಲೆಯ ಕಡೆ ತಿರುಗಿಸಿದಳು. ಆಮೇಲೆ ಹೆಸರು ಹೇಳಿದಳು, ಒಂದು ಉಸಿರಿಗೆ ಒಂದರಂತೆ. ಅದರಲ್ಲಿ ಸಂತರ ಹೆಸರಿತ್ತು, ಹಿಂದೂ ಹೆಸರಿತ್ತು, ಸಾಬರ ಹೆಸರೂ ಇತ್ತು. ಪ್ರತಿ ಹೆಸರಿಗೂ ನಾನು, "ಸ್ವಾಮಿ, ಇವರಿಗೆ ಶಾಂತಿ ಕೊಡು," ಅಂದೆ. ಸೊಸೆಯೂ ಸೇರಿಕೊಂಡಳು. ಹೆಸರು ಮುಗಿದವು. ಆಯಿ ಬಾಯಿ ತೆರೆದಳು, ಆದರೆ ನನ್ನ ಮಾತು ಒಪ್ಪಿಗೆಯಾಯಿತು ಅಂತ ಹೇಳಲಿಲ್ಲ.

ನುಂಗಲು ಆಗದವರಿಗೆ ಹೋಸ್ಟ್ ಪೂರ್ತಿ ಕೊಡುವುದಿಲ್ಲ. ಮಿಕ್ಕದ್ದನ್ನು ಒಯ್ದವರೇ ಮುಗಿಸಬೇಕು, ಆ ಶನಿವಾರವಾದರೂ ಸರಿ. ಅರ್ಧ ಮುರಿದು ನಾನೇ ಸ್ವೀಕರಿಸಿದೆ, ಅದಕ್ಕೆಂದೇ ಬೆಳಿಗ್ಗೆಯಿಂದ ಉಪವಾಸವಿದ್ದೆ. ಉಳಿದ ಅರ್ಧವನ್ನು ಎರಡು ಚೂರು ಮಾಡಿದೆ. ಮೊದಲ ಚೂರನ್ನು ನಾಲಿಗೆಯ ಮೇಲಿಟ್ಟು ಒಂದು ಚಮಚ ನೀರು ಬಿಟ್ಟೆ. ಗಂಟಲು ಮೇಲೆ ಹೋಗಿ ಕೆಳಗೆ ಬಂತು. ಇಳಿಯಿತು. ನಾನು ಕಣ್ಣು ಮುಚ್ಚಿಕೊಂಡೆ, ಥ್ಯಾಂಕ್ ಗಾಡ್.

ಎರಡನೆಯದನ್ನು ಇಟ್ಟೆ. ಆಯಿ ಕೆಮ್ಮಿದಳು. ನಾನು ಗಲ್ಲದ ಕೆಳಗೆ ಹಿಡಿದ ಬಿಳಿ ಬಟ್ಟೆಯ ಮೇಲೆ ಕಫದ ಜೊತೆ ಆ ಚೂರು ಬಂದು ಬಿತ್ತು.

ಅದು ಬೇನೆಯ ಕೆಮ್ಮೋ, ಬೇಕೆಂದೇ ಕೆಮ್ಮಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಕೆಯ ಮುಖದಲ್ಲಿ ಏನೂ ಇರಲಿಲ್ಲ.

ಹೀಗಾದಾಗ ಏನು ಮಾಡಬೇಕು ಅನ್ನುವುದನ್ನು ತರಬೇತಿಯಲ್ಲಿ ನಮಗೆ ಮತ್ತೆ ಮತ್ತೆ ಹೇಳಿಸಿದ್ದರು. ಚೂರನ್ನು ಶುದ್ಧ ನೀರಿಗೆ ಹಾಕಬೇಕು. ಅದು ಪೂರ್ತಿ ಕರಗಿ ರೊಟ್ಟಿಯ ರೂಪ ಹೋಗುವ ತನಕ ಕಾಯಬೇಕು. ರೂಪ ಹೋದ ಮೇಲೆ ಅದು ಬರೀ ನೀರು. ಆದರೂ ಸ್ವಾಮಿಯಿದ್ದ ನೀರು, ಚರಂಡಿಗೆ ಚೆಲ್ಲುವಂತಿಲ್ಲ. ಮಣ್ಣಿಗೆ ಸುರಿಯಬೇಕು, ಯಾರೂ ತುಳಿಯದ ಜಾಗದಲ್ಲಿ. ಚರ್ಚಿನಲ್ಲಾದರೆ ಅದಕ್ಕೆಂದೇ ಒಂದು ಕಲ್ಲಿನ ಬೋಗುಣಿ ಇರುತ್ತದೆ, ಅದರ ತೂತು ನೇರ ಭೂಮಿಗೆ ಇಳಿಯುತ್ತದೆ.

ಚೂರನ್ನು ಲೋಟದ ನೀರಿಗೆ ಹಾಕಿದೆ. ಲೋಟವನ್ನು ಚರ್ಚಿಗೇ ಒಯ್ಯಬಹುದಾಗಿತ್ತು. ಆದರೆ ಬಾಯಿಮುಚ್ಚಳವಿಲ್ಲದ ಲೋಟ, ಆ ಕಾಲುದಾರಿ, ಟ್ರ್ಯಾಕ್ಸಿನ ಕುಲುಕಾಟ. ಒಂದು ಹನಿ ಚೆಲ್ಲಿದರೂ ಮುಗಿಯಿತು. ಆಯಿ ಲೋಟವನ್ನೇ ನೋಡುತ್ತಿದ್ದಳು. "ನನ್ನ ಬಾಯಾಗಿಂದ ಬಿದ್ದದ್ದು ಊರ ತುಂಬ ಹೊತ್ಕೊಂಡು ಹೋಗ್ತೀರೇನ?" ಅಂದಳು.

ಅಲ್ಲೇ ಕೂತೆ. ಹೋಸ್ಟ್ ಬಾಯಲ್ಲಿ ಬೇಗ ಕರಗುತ್ತದೆ, ತಣ್ಣೀರಲ್ಲಿ ಹಠ ಮಾಡುತ್ತದೆ. ಮೊದಲು ಊದಿಕೊಂಡಿತು, ಆಮೇಲೆ ಅಂಚು ಬಿಳಿ ನೂಲಿನಂತೆ ಬಿಟ್ಟುಕೊಂಡಿತು. ಬೆರಳ ತುದಿಯಿಂದ ಮೆಲ್ಲಗೆ ತಿಕ್ಕಿದೆ. ಬಾಗಿಲಿನ ಬಿಸಿಲು ನೆಲದ ಮೇಲೆ ಸರಿದು ಹಾಸಿಗೆಯ ಕಾಲಿಗೆ ಬಂತು. ಡ್ರೈವರ್ ತೋಪು ದಾಟಿ ಬಂದು ಅಂಗಳದಿಂದ, "ಅಕ್ಕೋರ, ಹೋಗೂಣೇನ್ರೀ? ನಿಮ್ಮ ಚರ್ಚಿನ್ಯಾಗ ಬೆಂಕಿ ಹಚ್ಚೂ ಹೊತ್ತಾತು," ಅಂತ ಕೂಗಿದ. ನಾನು ತಡಿ ಅಂತ ಕೈ ಮಾಡಿದೆ. ಅವನು ಜಗುಲಿಯ ಕಟ್ಟೆಯ ಮೇಲೆ ಕೂತ.

ಲೋಟ ತಿಳಿಯಾಯಿತು. ತಳದಲ್ಲಿ ಏನೂ ಉಳಿದಿಲ್ಲ ಅಂತ ಮೇಣದಬತ್ತಿಗೆ ಹಿಡಿದು ನೋಡಿ ಖಾತ್ರಿ ಮಾಡಿಕೊಂಡೆ.

"ಯಾರೂ ತುಳಿಯದ ಜಾಗ ಎಲ್ಲೈತಿ?" ಅಂತ ಸೊಸೆಯನ್ನು ಕೇಳಿದೆ.

ಇಬ್ಬರೂ ಹೊರಗೆ ಹೋದೆವು. ಅಂಗಳದಲ್ಲಿ ಕೋಳಿ ಕೆದರುತ್ತಿದ್ದವು. ಹಿತ್ತಲಲ್ಲಿ ಬಾವಿಯ ದಾರಿ. ಗೇರು ಮರದ ಬುಡ ತೋರಿಸಿದೆ. "ಅಲ್ಲಿ ಕಾಡಹಂದಿ ಬರತಾವ್ರಿ, ದಿನಾ ನೆಲ ಎಬಸತಾವು," ಅಂದಳು. ಬೇಲಿಯ ಸಂದಿ? "ಅಲ್ಲಿಂದನ ಹುಡುಗ್ರು ನುಗ್ಗತಾರ." ಕೊಟ್ಟಿಗೆಯ ಹಿಂದೆ ಗೊಬ್ಬರದ ಗುಂಡಿ. ಸುತ್ತಿ ಸುತ್ತಿ ಮತ್ತೆ ಹೊಸ್ತಿಲಿಗೆ ಬಂದು ನಿಂತೆವು, ಲೋಟ ನನ್ನ ಎರಡೂ ಕೈಯಲ್ಲಿ. ಸೊಸೆ ಮನೆಯೊಳಗೆ ಕಣ್ಣು ಹಾಯಿಸಿದಳು. ಅವಳು ನೋಡುತ್ತಿದ್ದ ಕಡೆ ನಾನೂ ನೋಡಿದೆ.

ಸಗಣಿ ಸಾರಿಸಿದ ಮಣ್ಣಿನ ನೆಲ. ಆ ಮನೆಯಲ್ಲಿ ಹುಟ್ಟಿದ ಮಗು ನಡೆಯಲು ಕಲಿತಾಗಿನಿಂದ ಬಳಸಿಕೊಂಡು ಹೋಗುವ ಜಾಗ.

ರೂಲ್ ಏನು ಕೇಳುತ್ತದೋ ಅದೆಲ್ಲ ಅಲ್ಲಿತ್ತು. ಅದಕ್ಕೇ ನನಗೆ ಭಯವಾಯಿತು. ಇದು ವಿಧಿಯ ಪಾಲನೆಯೋ, ವಿಧಿಯ ಹೆಸರಲ್ಲಿ ನಾನು ಮಾಡುತ್ತಿರುವ ಆಟವೋ? ಯಾರನ್ನು ಕೇಳಲಿ? ನನ್ನ ಕೈಯಲ್ಲಿರುವುದು ನೀರು, ನೀರಷ್ಟೇ, ಅಂತ ಮನಸ್ಸಿಗೆ ಹೇಳಿಕೊಂಡೆ. ಆಯಿಯ ಉಸಿರು ನಿಂತು, ಬಹಳ ಹೊತ್ತು ನಿಂತು, ಮತ್ತೆ ಬಂತು.

ಚಪ್ಪಲಿ ಹೊರಗೇ ಇತ್ತು. ಮೂಲೆಯ ಅಂಚಿನಲ್ಲಿ ಮೊಣಕಾಲೂರಿ, ಕೈಚಾಚಿ, ಕಾಯಿಗಳ ನಡುವಿನ ಮಣ್ಣಿಗೆ ಲೋಟದ ನೀರನ್ನು ಸಣ್ಣಗೆ ಸುರಿದೆ. ಮತ್ತೆ ಸ್ವಲ್ಪ ನೀರು ಹಾಕಿ, ಲೋಟ ತೊಳೆದು, ಅದನ್ನೂ ಸುರಿದೆ. ನೆಲ ಕಪ್ಪಾಗಿ ಕುಡಿದುಕೊಂಡಿತು.

"ಈಗ ಆತ," ಅಂದಳು ಆಯಿ.

ಊರು ತಲುಪುವಾಗ ಚರ್ಚಿನ ಅಂಗಳದಲ್ಲಿ ಬೆಂಕಿ ಹೊತ್ತಿ, ಮೆರವಣಿಗೆ ಒಳಗೆ ಹೋಗಿಬಿಟ್ಟಿತ್ತು. ಲೋಕಸೃಷ್ಟಿಯ ವಾಚನವನ್ನು ಬೇರೆ ಯಾರೋ ಓದುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ, ಹೊತ್ತಿಸದ ಮೇಣದಬತ್ತಿ ಹಿಡಿದು ಕೂತೆ. ಕಾನ್ವೆಂಟಿನಲ್ಲಿ ಹೀಗೆ ತಡವಾಗಿ ಬಂದವರನ್ನು ಮದರ್ ಕಣ್ಣಲ್ಲೇ ಎಬ್ಬಿಸಿ ನಿಲ್ಲಿಸುತ್ತಿದ್ದರು. ಆ ಕಣ್ಣುಗಳೂ ಈಗ ಎಲ್ಲೋ ಮಣ್ಣಲ್ಲಿವೆ.

ಪೂಜೆ ಮುಗಿದ ಮೇಲೆ ಪಿಕ್ಸ್ ತಿರುಗಿ ಕೊಡುತ್ತಾ ಫಾದರ್‌ಗೆ ಎಲ್ಲವನ್ನೂ ಹೇಳಿದೆ. ಕಾಯಿ ವಾಪಸ್ ಇಡಿಸಿದ್ದು, ಹೆಸರು ಹೇಳಿಸಿದ್ದು, ಲೋಟ, ಮೂಲೆ. ಅವರು ಪಿಕ್ಸ್ ತೊಳೆಯುತ್ತಿದ್ದರು. ಕೈ ನಿಂತಿತು.

"ಪೂರ್ತಿ ಕರಗಿತ್ತಾ?"

"ಬೆಳಕಿಗೆ ಹಿಡಿದು ನೋಡಿದೆ ಫಾದರ್."

"ಬೇರೆ ಜಾಗ ಇರಲಿಲ್ಲವಾ?"

"ಹುಡುಕಿದೆ. ಅಲ್ಲೊಂದೇ ಯಾರೂ ಕಾಲಿಡುವುದಿಲ್ಲ."

ಕಾಲಿಡುವುದಿಲ್ಲ ಅಂದಮೇಲೆ ನನಗೆ ಹಿಂದಿನ ವಾರದ ಆ ಚಪ್ಪಲಿ ನೆನಪಾಯಿತು. ಅವರಿಗೂ ಆಗಿರಬೇಕು. ಪಿಕ್ಸನ್ನು ಬಟ್ಟೆಯಿಂದ ಬಹಳ ಹೊತ್ತು ಒರೆಸಿದರು. ಅದನ್ನು ನನಗೆ ತಿರುಗಿ ಕೊಡುತ್ತಾರೋ, ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೋ ಅಂತ ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಕಪಾಟಿನಲ್ಲಿಟ್ಟರು. "ಯೋಚನೆ ಮಾಡಬೇಕು ಟೀಚರ್," ಅಂದರು.

ಸೋಮವಾರ ಆಯಿ ಹೋದ ಸುದ್ದಿ ಬಂತು. ನಾನೂ ಫಾದರೂ ಅದೇ ಟ್ರ್ಯಾಕ್ಸಿನಲ್ಲಿ ಹೋದೆವು.

ಮನೆ ತುಂಬ ಜನ. ಟೊಪ್ಪಿ ಹಾಕಿದವರು, ಕುಂಕುಮ ಇಟ್ಟವರು, ಜಪಮಾಲೆ ಹಿಡಿದವರು, ಎಲ್ಲರೂ ಆಯಿಯ ಕಡೆಯವರೇ. ಶವಪೆಟ್ಟಿಗೆ ನಡುಮನೆಯಲ್ಲಿತ್ತು, ಸುತ್ತ ನಿಲ್ಲಲೂ ಜಾಗವಿಲ್ಲ. ತೀರ್ಥ ಚಿಮುಕಿಸಲು ಪೆಟ್ಟಿಗೆಯನ್ನು ಒಂದು ಸುತ್ತು ಬರಬೇಕು. ಫಾದರ್ ಹೊಸ್ತಿಲಲ್ಲಿ ಬಗ್ಗಿ ಚಪ್ಪಲಿ ಬಿಚ್ಚಿದರು. ತಲೆಯ ಕಡೆಯಿಂದ ಹೊರಟು, ಕಾಲಿನ ಕಡೆ ತಿರುಗಿದರು. ಅಲ್ಲಿ ಮೂಲೆ. ಒಂದು ಹೆಜ್ಜೆ ಮೂಲೆಯ ಮೇಲಿಟ್ಟರೆ ಸಲೀಸು. ಫಾದರ್ ನಿಂತರು. ಬಿಳಿ ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಬೆನ್ನನ್ನು ಪೆಟ್ಟಿಗೆಗೆ ಒತ್ತಿ, ತುದಿಗಾಲಲ್ಲಿ ಆ ಮೂಲೆಯನ್ನು ಬಳಸಿಕೊಂಡು ಆಚೆ ಹೋದರು.